ಇಂಗ್ಲೆಂಡಿನಲ್ಲಿ ಸತ್ತ ಪದಕ್ಕೆ ಜೋಯಿಡಾದಲ್ಲಿ ಕಾಯಂ ನೌಕರಿ

ಅಸಾರ್ಟ್. ಕೇಳಿದ್ದೀರಾ? ಕೇಳಿರಲಿಕ್ಕಿಲ್ಲ. ಲಂಡನ್ನಿನಲ್ಲೇ ಹುಟ್ಟಿ ಬೆಳೆದವನನ್ನು ವಿಚಾರಿಸಿದರೂ ತಲೆ ಕೆರೆದುಕೊಳ್ಳುತ್ತಾನೆ. ಇಂಗ್ಲಿಷಿನಲ್ಲಿ ಈ ಪದ ಸತ್ತು ಬಹಳ ಕಾಲವಾಯಿತು. ಇತಿಹಾಸದ ಪ್ರೊಫೆಸರರು ಆಗೀಗ ತಿಥಿ ಮಾಡಿ ಎಡೆ ಇಡುತ್ತಾರೆ, ಅಷ್ಟೆ.

ಅರ್ಥ ಸರಳ. ರಾಜನ ಕಾಡಿನಲ್ಲಿ ಮರ ಕಡಿದು, ಬೇರು ಕಿತ್ತು, ನೆಲ ಹಸನು ಮಾಡಿ ಉಳುವುದು. ಹಾಗೆ ಉತ್ತ ತುಂಡು ನೆಲಕ್ಕೂ ಅದೇ ಹೆಸರು. ಹಾಗೆ ಉತ್ತ ಅಪರಾಧಕ್ಕೂ ಅದೇ ಹೆಸರು. ದುಡಿಮೆ, ಹೊಲ, ಕೇಸು ಮೂರಕ್ಕೂ ಒಂದೇ ಪದ. ಇಂಗ್ಲಿಷರು ಮಿತವ್ಯಯಿಗಳು.

ಬೇರು ಲ್ಯಾಟಿನ್ನಿನದು. ಕಳೆ ಕೀಳುವುದು, ಗುದ್ದಲಿಯಿಂದ ನೆಲ ಕೆದಕುವುದು ಎಂಬ ಕ್ರಿಯಾಪದ, ಅದರ ಮುಂದೆ ‘ಹೊರಕ್ಕೆ’ ಎಂಬ ಉಪಸರ್ಗ. ಫ್ರಾನ್ಸಿನಲ್ಲಿ ಲೇ ಎಸಾರ್ ಎಂಬ ಊರುಗಳು ಇವತ್ತಿಗೂ ಇವೆ, ಕಾಡು ಸವರಿ ಕಟ್ಟಿದ ಊರುಗಳು. ನಾರ್ಮನ್ನರ ಜೊತೆ ಪದ ಕಡಲು ದಾಟಿ ಇಂಗ್ಲೆಂಡಿಗೆ ಬಂತು. ಹೊರಟಾಗ ಗುದ್ದಲಿ ಹಿಡಿದವನ ಪದ. ದಡ ಸೇರುವಷ್ಟರಲ್ಲಿ ದಂಡ ಹಾಕುವವನ ಪದ.

ಇದನ್ನೆಲ್ಲ ಹಳಿಯಾಳದ ಕಡೆಯವನೊಬ್ಬ ಯಾಕೆ ಕೊರೆಯುತ್ತಿದ್ದಾನೆ ಎನ್ನುತ್ತೀರಾ? ಇಂಗ್ಲೆಂಡಿನಲ್ಲಿ ಸತ್ತ ಆ ಪದದ ಅರ್ಥಕ್ಕೆ ನಮ್ಮ ಕಡೆ ಇನ್ನೂ ನಿವೃತ್ತಿಯಾಗಿಲ್ಲ. ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡ, ಯಾವ ಅರಣ್ಯ ಕಚೇರಿಗೆ ಬೇಕಾದರೂ ಹೋಗಿ. ಕಡತ ತುಂಬ ಅದೇ. ಅಂಗಿ ಮಾತ್ರ ಬದಲಾಗಿದೆ. ಈಗ ಅದನ್ನು ಅತಿಕ್ರಮಣ ಎನ್ನುತ್ತಾರೆ.

ಮೊದಲು ಕಾಡಿನ ವಿಚಾರ. ನಾರ್ಮನ್ ರಾಜರ ಕಾಲದಲ್ಲಿ ‘ಫಾರೆಸ್ಟ್’ ಎಂದರೆ ಮರಗಳಿರುವ ಜಾಗ ಎಂದೇನೂ ಅಲ್ಲ. ರಾಜ ಬೇಟೆಯಾಡುವ ಸರಹದ್ದು. ಒಳಗೆ ಹೊಲವಿರಬಹುದು, ಹಳ್ಳಿ ಇರಬಹುದು, ಬಯಲೇ ಇರಬಹುದು. ಮರ ಇರಲೇಬೇಕೆಂಬ ಹಟ ಯಾರಿಗೂ ಇರಲಿಲ್ಲ. ರಾಜ ಬೆರಳು ತೋರಿಸಿದರೆ ಅದು ಕಾಡು.

ನಗಬೇಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಶೇ. 80ರಷ್ಟು ಭಾಗ ಕಾಡು ಎಂದು ದಾಖಲೆ ಹೇಳುತ್ತದೆ. ಅದರೊಳಗೆ ಶಾಲೆ, ಗುಡಿ, ಬಸ್‌ಸ್ಟ್ಯಾಂಡು, ನಾಲ್ಕು ತಲೆಮಾರಿನ ಗದ್ದೆ ಎಲ್ಲ ಇವೆ. ಕಾಗದದ ಮೇಲೆ ಅವೂ ಕಾಡೇ. ಬೆರಳು ತೋರಿಸುವವರು ಬದಲಾದರು, ಬೆರಳು ಅದೇ.

ರಿಚರ್ಡ್ ಫಿಟ್ಜ್‌ನೀಲ್ ಎಂಬಾತ 12ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜನ ಖಜಾನೆ ನೋಡಿಕೊಳ್ಳುತ್ತಿದ್ದ. ಖಜಾನೆಯ ಲೆಕ್ಕಪತ್ರ ಹೇಗೆ ನಡೆಯುತ್ತದೆಂದು ಒಂದು ಪುಸ್ತಕ ಬರೆದ. ಅದರಲ್ಲಿ ಅಸಾರ್ಟಿನ ವಿವರಣೆ ಇದೆ. ಜೊತೆಗೆ ಒಂದು ತಪ್ಪೊಪ್ಪಿಗೆಯೂ ಇದೆ. ಕಾಡಿನ ಕಾಯ್ದೆ ನಿಂತಿರುವುದು ನಾಡಿನ ಸಾಮಾನ್ಯ ಕಾನೂನಿನ ಮೇಲಲ್ಲ, ರಾಜನ ಇಚ್ಛೆಯ ಮೇಲೆ. ಆದ್ದರಿಂದ ಅಲ್ಲಿ ನಡೆದದ್ದನ್ನು ನ್ಯಾಯ ಎನ್ನುವಂತಿಲ್ಲ, ಕಾಡಿನ ಕಾಯ್ದೆಯ ಪ್ರಕಾರ ನ್ಯಾಯ ಎನ್ನಬೇಕು. ಇದು ಅವನ ಮಾತಿನ ಸಾರ. ಅಧಿಕಾರಿಯೊಬ್ಬ ಇಷ್ಟು ಪ್ರಾಮಾಣಿಕವಾಗಿ ಬರೆದದ್ದು ಅದೇ ಕೊನೆ ಇರಬೇಕು. ನಮ್ಮವರು ಬಿಡಿ, ಹಿಂಬರಹದಲ್ಲಿ ಕಾರಣ ಬರೆಯಲಿಕ್ಕೂ ಶಾಯಿ ಖರ್ಚು ಮಾಡುವುದಿಲ್ಲ.

ಅದೇ ಪುಸ್ತಕದಲ್ಲಿ ಇನ್ನೊಂದು ಅಳತೆಗೋಲು ಇದೆ. ಕಡಿದ ಓಕ್ ಮರದ ಬೊಡ್ಡೆಯ ಮೇಲೆ ನಿಂತು ನೋಡಬೇಕು. ಸುತ್ತ ಇನ್ನೂ ಐದು ಮರ ಕಡಿದದ್ದು ಕಂಡರೆ ಕಾಡು ಹಾಳಾಯಿತು ಎಂದರ್ಥ. ದಂಡ ಕಟ್ಟಬೇಕು. ಈ ಐದು ಬೊಡ್ಡೆಯ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಸೂಪಾದಲ್ಲಿ ಬೇಕಾಗುತ್ತದೆ.

ರಾಜರ ಈ ಕಾಟ ತಾಳಲಾರದೆ ಇಂಗ್ಲೆಂಡಿನಲ್ಲಿ ಗಲಾಟೆಯಾಯಿತು. 1217ರಲ್ಲಿ, ಹತ್ತು ವರ್ಷದ ಹುಡುಗ ಮೂರನೇ ಹೆನ್ರಿಯ ಹೆಸರಿನಲ್ಲಿ ಕಾಡಿನ ಸನ್ನದು ಹೊರಟಿತು. ಅದರಲ್ಲಿ ಏನಿತ್ತು ಗೊತ್ತೇ? ಕಟ್-ಆಫ್ ಡೇಟು! ಇಂತಿಂಥ ರಾಜನ ಪಟ್ಟಾಭಿಷೇಕದಿಂದ ಹೆನ್ರಿಯ ಆಳ್ವಿಕೆಯ ಎರಡನೇ ವರ್ಷದ ಆರಂಭದವರೆಗೆ ತಮ್ಮ ಕಾಡಿನಲ್ಲಿ ಅಸಾರ್ಟ್ ಮಾಡಿಕೊಂಡವರೆಲ್ಲ ಖುಲಾಸೆ. ಅದರಾಚೆಗಿನದಕ್ಕೆ ಲೆಕ್ಕ ಕೊಡಬೇಕು.

ನಮ್ಮಲ್ಲಿ 27-4-1978. ಕರ್ನಾಟಕದಲ್ಲಿ ಕಾಡಂಚಿನ ಮಗುವಿಗೂ ಈ ತಾರೀಕು ಬಾಯಿಪಾಠ. ಆ ದಿನದ ಹಿಂದಿನದು ಸಕ್ರಮಕ್ಕೆ ಅರ್ಹ, ಮರುದಿನದ್ದು ಅಕ್ರಮ. ಒಂದು ರಾತ್ರಿಯಲ್ಲಿ ಮನುಷ್ಯ ಎಷ್ಟು ಕೆಡುತ್ತಾನೆ ನೋಡಿ.

ಇಂಗ್ಲೆಂಡಿನ ಸನ್ನದನ್ನೂ ತೀರಾ ಹೊಗಳಬೇಕಾಗಿಲ್ಲ. ಖುಲಾಸೆ ಸಿಕ್ಕಿದ್ದು ಸ್ವಂತ ಕಾಡಿದ್ದ ಬಿಷಪ್ಪರಿಗೆ, ಸರದಾರರಿಗೆ, ಸ್ವತಂತ್ರ ಹಿಡುವಳಿದಾರರಿಗೆ. ಜೀತದಾಳಿಗೆ ಚಿಕ್ಕಾಸೂ ಸಿಗಲಿಲ್ಲ. ಸಕ್ರಮ ಯೋಜನೆಗಳು 800 ವರ್ಷಗಳಿಂದ ಸಂಪ್ರದಾಯ ಕೆಡಿಸಿಕೊಂಡಿಲ್ಲ.

ಆದರೂ ಅಲ್ಲಿ ಒಂದು ಕೆಲಸವಾಯಿತು. ಕಾಲ ಹೋದಂತೆ ಅಪರಾಧ ಮಾಸಿತು, ಪದವೂ ಮಾಸಿತು. ಹಕ್ಕಿನ ಪದಗಳು ಉಳಿದವು. ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟಿನಲ್ಲಿ ಇವತ್ತಿಗೂ ರೈತರು ರಾಜನ ಕಾಡಿಗೆ ಕುದುರೆ, ದನ ಬಿಡುತ್ತಾರೆ. ಶರತ್ಕಾಲ ಬಂದರೆ ಓಕ್ ಕಾಯಿ ತಿನ್ನಲು ಹಂದಿ ಬಿಡುತ್ತಾರೆ. ಹಂದಿ ಬಿಡುವ ಆ ಹಕ್ಕಿಗೆ ಪ್ಯಾನೇಜ್ ಎಂದು ಹೆಸರು. ಅದು ಸತ್ತಿಲ್ಲ. ಅದನ್ನು ಕಾಯಲು ವರ್ಡರರ್ ಎಂಬ ಪಂಚರ ಕೋರ್ಟು ಇದೆ. ಆ ಕೋರ್ಟಿಗೆ ಹೊಸ ಬಲ ಕೊಟ್ಟದ್ದು 1877ರ ಕಾಯ್ದೆ.

ಇಸವಿ ನೋಡಿಕೊಳ್ಳಿ. 1877ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ತನ್ನ ಹಂದಿಗಳ ಹಕ್ಕು ಭದ್ರ ಮಾಡಿತು. 1878ರಲ್ಲಿ ಅದೇ ಬ್ರಿಟಿಷರು ಇಲ್ಲಿ ಭಾರತೀಯ ಅರಣ್ಯ ಕಾಯ್ದೆ ತಂದರು. ಕಾಯ್ದಿಟ್ಟ ಅರಣ್ಯ, ಸಂರಕ್ಷಿತ ಅರಣ್ಯ ಎಂದು ಗೆರೆ ಎಳೆದರು. ಗೆರೆಯೊಳಗೆ ಕಾಲಿಟ್ಟವನಿಗೆ ಕೇಸು. ಒಂದೇ ವರ್ಷದ ಅಂತರ. ನ್ಯೂ ಫಾರೆಸ್ಟಿನ ಹಂದಿಗೆ ಇದ್ದ ಮರ್ಯಾದೆ ಜೋಯಿಡಾದ ಕಾಡುವಾಸಿ ಕುಣಬಿಗೆ ಸಿಗಲಿಲ್ಲ.

ಅಂದಿನ ಉತ್ತರ ಕೆನರಾ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಕೈ ಬದಲಾಯಿಸಿತ್ತು. ಆದ್ದರಿಂದ 1878ರ ಕಾಯ್ದೆ ನೇರವಾಗಿ ನಮ್ಮ ತಲೆಯ ಮೇಲೆ ಬಿತ್ತು. ಘಟ್ಟದ ಅಡಿಕೆ ತೋಟದವರು ಬೊಬ್ಬೆ ಹೊಡೆದರು, ವನದುಃಖ ನಿವಾರಣಿ ಸಭೆ ಕಟ್ಟಿದರು, ಅರ್ಜಿ ಬರೆದರು. ಅವರಿಗೆ ಅಕ್ಷರ ಬರುತ್ತಿತ್ತು. ಸೊಪ್ಪಿನ ಬೆಟ್ಟದ ಸವಲತ್ತು ದಕ್ಕಿಸಿಕೊಂಡರು. ಅಕ್ಷರ ಬಾರದ ಕುಣಬಿಗಳ, ಗೌಳಿಗಳ, ಸಿದ್ದಿಗಳ ವನದುಃಖಕ್ಕೆ ಸಭೆಯೂ ಇಲ್ಲ, ನಿವಾರಣೆಯೂ ಇಲ್ಲ.

ಕುಣಬಿಗಳು ಮಾಡುತ್ತಿದ್ದದ್ದು ಕುಮ್ರಿ. ಇಳಿಜಾರಿನ ಕಾಡು ಸವರುವುದು, ಒಣಗಿದ ಮೇಲೆ ಬೆಂಕಿ ಕೊಡುವುದು, ಮಳೆ ಬಿದ್ದಾಗ ಬೂದಿಯಲ್ಲಿ ರಾಗಿ ಎರಚುವುದು. ಒಂದೆರಡು ವರ್ಷ ಬೆಳೆ ತೆಗೆದು ಆ ಜಾಗವನ್ನು ಹತ್ತಾರು ವರ್ಷ ಕಾಡಿಗೇ ಬಿಟ್ಟು ಮುಂದೆ ಹೋಗುವುದು. ಇಂಗ್ಲಿಷರು ಈ ಪದವನ್ನೂ ಕದ್ದರು. 1886ರ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಕೂಮ್ರಿ ಎಂದು ಅಚ್ಚಾಗಿದೆ. ಕನ್ನಡದ ಕುಮರಿ, ಅದಕ್ಕೂ ಹಿಂದೆ ಬರಡು ಇಳಿಜಾರು ಎಂಬರ್ಥದ ಮರಾಠಿಯ ಕುಂಬರಿ ಎಂದು ಆಮೇಲಿನ ಆವೃತ್ತಿಯಲ್ಲಿ ವಂಶಾವಳಿಯನ್ನೂ ಕೊಟ್ಟಿದ್ದಾರೆ. ಕೆನರಾದಲ್ಲಿ ವಿಶೇಷವಾಗಿ ಬಳಕೆ ಎಂದು ಷರಾ ಬೇರೆ.

ಪದಕ್ಕೆ ನಿಘಂಟಿನಲ್ಲಿ ಜಾಗ ಸಿಕ್ಕಿತು. ಪದ ಆಡಿದವನಿಗೆ ಗುಡ್ಡದಲ್ಲಿ ಸಿಗಲಿಲ್ಲ. ನಿಘಂಟು ಅಚ್ಚಾಗುವುದಕ್ಕೆ ಕಾಲು ಶತಮಾನ ಮೊದಲೇ, 1860ರಲ್ಲಿ, ಅನುಮತಿ ಇಲ್ಲದೆ ಸರ್ಕಾರಿ ಕಾಡಿನಲ್ಲಿ ಕುಮ್ರಿ ಕೂಡದು ಎಂದು ಮದ್ರಾಸ್ ಸರ್ಕಾರ ಹೇಳಿಯಾಗಿತ್ತು. ಮದ್ರಾಸಿನ ಮೊದಲ ಅರಣ್ಯ ಸಂರಕ್ಷಣಾಧಿಕಾರಿ ಹ್ಯೂ ಕ್ಲೆಗಾರ್ನ್ ಡಾಕ್ಟರು ಇದಕ್ಕಾಗಿ ಪುಟಗಟ್ಟಲೆ ಬರೆದರು. ಕುಮ್ರಿಯಿಂದ ಕಾಡು ಹಾಳು. ಒಪ್ಪೋಣ. ಕುಮ್ರಿಯಿಂದ ಕಾಡಿಗೆ ಏನೂ ಆಗಲೇ ಇಲ್ಲ ಎನ್ನುವಷ್ಟು ಮುಗ್ಧ ನಾನಲ್ಲ. ಆದರೆ ಅದೇ ಹೊತ್ತಿಗೆ ಸೂಪಾ ಕಾಡಿನ ಸಾಗವಾನಿ ದಿಮ್ಮಿಗಳು ಕಾಳಿ ನದಿಯಲ್ಲಿ ತೇಲಿ ಸದಾಶಿವಗಡದ ಕಡೆ ಹೋಗುತ್ತಿದ್ದವು. ಹಡಗಿಗೆ ಮರ ಬೇಕಿತ್ತು, ರೈಲಿಗೆ ಸ್ಲೀಪರು ಬೇಕಿತ್ತು. ಕುಣಬಿ ಕಡಿದರೆ ಕಾಡು ಹಾಳು. ಸರ್ಕಾರ ಕಡಿದರೆ ಕೂಪು.

ಇನ್ನೂ ಸ್ವಾರಸ್ಯ ಬೇಕೇ? ಬರ್ಮಾದಲ್ಲಿ ಅರಣ್ಯಾಧಿಕಾರಿ ಬ್ರಾಂಡಿಸ್ ಸಾಹೇಬ ಇದೇ ವಿದ್ಯೆಯನ್ನು ತೇಗ ಬೆಳೆಸಲು ಹೂಡಿದ. ಬುಡಕಟ್ಟಿನವರೇ ಕಾಡು ಕಡಿದು ಸುಡಬೇಕು, ಬೆಳೆ ತೆಗೆಯಬೇಕು, ಅದರ ನಡುವೆ ಇಲಾಖೆಯ ತೇಗದ ಸಸಿ ನೆಟ್ಟು ಮುಂದೆ ಹೋಗಬೇಕು. ಹೆಸರು ಟಾಂಗ್ಯ. ಅರಣ್ಯ ಶಾಸ್ತ್ರದ ಪಠ್ಯಪುಸ್ತಕ ತೆಗೆದು ನೋಡಿ, ಟಾಂಗ್ಯದ ಸ್ಥಳೀಯ ಹೆಸರುಗಳ ಪಟ್ಟಿಯಲ್ಲಿ ಕುಮ್ರಿಯೂ ಇರುತ್ತದೆ! ಅದೇ ಬೆಂಕಿ. ಅದೇ ಬೂದಿ. ಕಡ್ಡಿ ಗೀರಿದ ಕೈಯೂ ಅದೇ. ರಾಗಿಗಾದರೆ ಅನಾಗರಿಕತೆ, ಸಾಗವಾನಿಗಾದರೆ ವಿಜ್ಞಾನ.

ಬಿಳಿಯರು ಹೋದರು. 1947 ಬಂತು, ಸಿಹಿ ಹಂಚಿದೆವು. 1878ರ ಕಾಯ್ದೆಯ ಮಗ 1927ರ ಕಾಯ್ದೆ, ಅವನ ಮಗ 1963ರ ಕರ್ನಾಟಕ ಅರಣ್ಯ ಕಾಯ್ದೆ. ಮೊಮ್ಮಗ ತಾತನ ಮೂಗನ್ನೇ ಹೊತ್ತು ಹುಟ್ಟಿದ.

1950ರ ದಶಕದಲ್ಲಿ ದಾಂಡೇಲಿಗೆ ಪೇಪರ್ ಮಿಲ್ ಬಂತು. ಬಿದಿರು ಬೇಕಿತ್ತು. ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಸರ್ಕಾರ ಕೊಟ್ಟಿತು ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಬುಟ್ಟಿ ಹೆಣೆಯುವ ಮೇದಾರನಿಗೆ ಆ ದರ ಇರಲಿಲ್ಲ. ಅವನು ಸಣ್ಣವ, ಅವನಿಗೆ ರಿಯಾಯಿತಿ ಕೊಟ್ಟರೆ ಕೆಟ್ಟುಹೋಗುತ್ತಾನೆ.

ಕೆಲವೇ ವರ್ಷದಲ್ಲಿ ಬಿದಿರು ಬರಿದಾಗತೊಡಗಿತು. ಯಾರ ತಪ್ಪು? ಹಳ್ಳಿಯವರದು, ಅವರ ದನದ್ದು, ಅವರ ಬೆಂಕಿಯದು. ಉತ್ತರ ಸಿದ್ಧವಿತ್ತು. 1970ರ ದಶಕದಲ್ಲಿ ಸರ್ಕಾರವೇ ಗಾಡ್ಗೀಳರನ್ನು ಅಧ್ಯಯನಕ್ಕೆ ಕಳಿಸಿತು. ಅವರು ಮೆಳೆಯ ಬುಡದಲ್ಲಿ ಕೂತು ನೋಡಿದರು. ಮಿಲ್ಲಿನ ಕೂಲಿಗಳಿಗೆ ಕಡಿಯಲು ಸಲೀಸಾಗಲಿ ಎಂದು ಮೆಳೆಯ ಬುಡದ ಮುಳ್ಳಿನ ಹೊದಿಕೆ ಸವರಿ ತೆಗೆಯುತ್ತಿದ್ದರು. ಅದು ಇಲಾಖೆ ಒಪ್ಪಿದ ಕ್ರಮವೇ. ಮುಳ್ಳು ಹೋದ ಮೇಲೆ ಮೊಳೆತ ಕಳಲೆ ಸಿಕ್ಕಸಿಕ್ಕ ಪ್ರಾಣಿಯ ಬಾಯಿಗೆ. ಹೊಸ ಬಿದಿರು ಎಲ್ಲಿಂದ ಬರಬೇಕು? ಹಳ್ಳಿಯವರು ಇದನ್ನೇ ಹೇಳುತ್ತಿದ್ದರು. ಆದರೆ ಅವರ ಹತ್ತಿರ ಪಿಎಚ್‌ಡಿ ಇರಲಿಲ್ಲ, ಬರೀ ಕಣ್ಣಿದ್ದವು.

ಈಗ ಐದು ಬೊಡ್ಡೆಯ ಲೆಕ್ಕಕ್ಕೆ ಬರೋಣ. ಗಣೇಶಗುಡಿಯಿಂದ ಮೇಲಕ್ಕೆ ಹೋಗಿ ಸೂಪಾ ಅಣೆಕಟ್ಟಿನ ಹತ್ತಿರ ನಿಲ್ಲಿ. ಎತ್ತರ 101 ಮೀಟರ್. ಫಿಟ್ಜ್‌ನೀಲ್ ಬಂದು ನಿಂತರೆ ಪಾಪ, ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ನಿಲ್ಲಲು ಬೊಡ್ಡೆಯೇ ಇಲ್ಲ. ಎಲ್ಲ ನೀರಡಿ. ಬೇಸಿಗೆಯಲ್ಲಿ ನೀರಿಳಿದಾಗ ಒಣಗಿದ ಕೊರಡುಗಳು ತಲೆ ಎತ್ತುತ್ತವೆ, ಐದಕ್ಕಿಂತ ಸ್ವಲ್ಪ ಜಾಸ್ತಿಯೇ ಇವೆ. ಕಾಡು ಮುಳುಗಿತು, ಗದ್ದೆ ಮುಳುಗಿತು, ಸೂಪಾ ಎಂಬ ತಾಲ್ಲೂಕು ಕೇಂದ್ರವೇ ಮುಳುಗಿತು. ಕಚೇರಿ ಜೋಯಿಡಾಕ್ಕೆ ಬಂತು. ಜನ ರಾಮನಗರಕ್ಕೆ ಹೋದರು. ಊರನ್ನೇ ನುಂಗಿದ ಈ ಕೆಲಸಕ್ಕೆ ಅತಿಕ್ರಮಣ ಎಂಬ ಪದ ಯಾರೂ ಬಳಸಲಿಲ್ಲ. ಅಭಿವೃದ್ಧಿ ಎಂಬ ಬೇರೆ ಪದವಿದೆ.

2006ರಲ್ಲಿ ಪಾರ್ಲಿಮೆಂಟಿಗೆ ಪಶ್ಚಾತ್ತಾಪವಾಯಿತು. ಅರಣ್ಯ ಹಕ್ಕು ಕಾಯ್ದೆ ಬಂತು. ಕಾಡಿನ ಜನರಿಗೆ ಐತಿಹಾಸಿಕ ಅನ್ಯಾಯವಾಗಿದೆ ಎಂದು ಕಾಯ್ದೆಯ ಪೀಠಿಕೆಯಲ್ಲೇ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಸುಮ್ಮನಿರಬೇಕಲ್ಲ? ಷರತ್ತು ಹಾಕಿದರು. ಪರಿಶಿಷ್ಟ ಪಂಗಡದವನಾದರೆ 13-12-2005ಕ್ಕೆ ಮೊದಲು ಅಲ್ಲಿದ್ದರೆ ಸಾಕು. ಉಳಿದವರಾದರೆ ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ.

ಜೋಯಿಡಾದ ಕುಣಬಿ ಯಾರು? ಗೋವಾದ ಕುಣಬಿಯ ರಕ್ತಸಂಬಂಧಿ. ಅದೇ ಮಾತು, ಅದೇ ಗಡ್ಡೆ-ಗೆಣಸು. ಗೋವಾದ ಕುಣಬಿ 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ. ನಮ್ಮ ಸಿದ್ದಿಗಳೂ ಅದೇ ವರ್ಷ ಸೇರಿದರು, ಸಂತೋಷ. ನಮ್ಮ ಕುಣಬಿ ಇನ್ನೂ ಅರ್ಜಿ ಹಿಡಿದು ನಿಂತಿದ್ದಾನೆ. ಕ್ಯಾಸಲ್‌ರಾಕಿನಲ್ಲಿ ರೈಲು ಹತ್ತಿ ಘಟ್ಟ ಇಳಿದು ಕುಳೆಂ ಮುಟ್ಟಿದರೆ ಅವನು ಬುಡಕಟ್ಟಿನವನು. ಸಂಜೆ ರೈಲಿಗೆ ವಾಪಸು ಬಂದರೆ 1930ರ ಕಾಗದ ಹುಡುಕಬೇಕಾದವನು.

ಹಳಿಯಾಳ, ಮುಂಡಗೋಡದ ದನಗರ ಗೌಳಿಯದೂ ಅದೇ ಕತೆ. ಅವನ ತಲೆಮಾರುಗಳನ್ನು ಎಮ್ಮೆಗಳ ಲೆಕ್ಕದಲ್ಲಿ ಕೇಳಿದರೆ ಹೇಳಿಯಾನು. ಸರ್ಕಾರ ಕೇಳುವುದು ಕಾಗದದ ಲೆಕ್ಕದಲ್ಲಿ.

ಕಚೇರಿಯ ಮಾತುಕತೆ ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ.

“ದಾಖಲೆ ಎಲ್ಲಿ?”

“ಅಜ್ಜನ ಕಾಲದಿಂದ ಇಲ್ಲೇ ಅದೇವ್ರೀ ಸಾಹೇಬ್ರ.”

“ಅಜ್ಜ ಇದ್ದ ಅನ್ನೋದಕ್ಕೆ?”

“ಮನಿ ಹಿಂದಿನ ಹಲಸಿನ ಗಿಡ ಅಜ್ಜನೇ ಹಚ್ಚಿದ್ದರೀ.”

“ಗಿಡದ ಮೇಲೆ ಸಹಿ-ಶಿಕ್ಕಾ ಐತೇನು?”

ಕಾಯ್ದೆಯ ನಿಯಮ ಓದಿದರೆ ಊರ ಹಿರಿಯರ ಹೇಳಿಕೆಯೂ ಸಾಕ್ಷ್ಯ, ಹಳೇ ಬಾವಿಯೂ ಸಾಕ್ಷ್ಯ, ಸ್ಮಶಾನವೂ ಸಾಕ್ಷ್ಯ. ಇಂಥದ್ದೇ ದಾಖಲೆ ತಾ ಎಂದು ಒತ್ತಾಯಿಸಬಾರದು ಎಂದೂ ಇದೆ. ಆದರೆ ನಿಯಮ ದಿಲ್ಲಿಯಲ್ಲಿ ಅಚ್ಚಾಗುತ್ತದೆ, ಹಿಂಬರಹ ಇಲ್ಲಿ ಅಚ್ಚಾಗುತ್ತದೆ. 1930ರಲ್ಲಿ ಅಲ್ಲಿರುವುದೇ ಅಪರಾಧ. ಆ ಅಜ್ಜನಿಗೆ ಸರ್ಕಾರ ಕೊಟ್ಟಿರಬಹುದಾದ ಕಾಗದ ಒಂದೇ, ದಂಡದ ರಸೀದಿ. ಅದನ್ನು ಜೋಪಾನ ಮಾಡದೆ ಸತ್ತದ್ದು ಅಜ್ಜನ ಬೇಜವಾಬ್ದಾರಿ.

ಹೀಗೆ ರಾಶಿ ರಾಶಿ ಅರ್ಜಿ ತಿರಸ್ಕಾರವಾದವು. 13-2-2019ರಂದು ಸುಪ್ರೀಂ ಕೋರ್ಟು, ತಿರಸ್ಕೃತರನ್ನು ಒಕ್ಕಲೆಬ್ಬಿಸಿ ಎಂದಿತು. ದೇಶದ ತುಂಬ ಗದ್ದಲವಾಯಿತು. 28ನೇ ತಾರೀಕು ಅದೇ ಕೋರ್ಟು ತಡೆ ಕೊಟ್ಟಿತು. ಅಂದಿನಿಂದ ಜನ ಆ ತಡೆಯಾಜ್ಞೆಯ ಮೇಲೆ ಸಂಸಾರ ಮಾಡುತ್ತಿದ್ದಾರೆ.

ಕಾಡಿನ ಜಾಗ ಕೊಡಲು ಬರುವುದೇ ಇಲ್ಲ ಎನ್ನುತ್ತಾರಲ್ಲ, ಅವರು ಒಮ್ಮೆ ಮುಂಡಗೋಡಕ್ಕೆ ಹೋಗಬೇಕು. 1966ರಲ್ಲಿ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ಸರ್ಕಾರ ಅಲ್ಲಿ ಕಾಡು ಕಡಿಸಿ ನೆಲೆ ಕೊಟ್ಟಿತು. ಒಳ್ಳೆಯ ಕೆಲಸ, ಹೊಟ್ಟೆಕಿಚ್ಚಿಲ್ಲ. ಮನೆ ಕಳೆದುಕೊಂಡು ಹಿಮಾಲಯ ದಾಟಿ ಬಂದವರನ್ನು ಮೂರು ತಲೆಮಾರಿನ ಕಾಗದ ಕೇಳಲಿಲ್ಲ, ಕೇಳಬಾರದಿತ್ತು ಕೂಡ. ಅಂದರೆ ಸರ್ಕಾರಕ್ಕೆ ಕೊಡುವ ಕೈ ಇದೆ. ಎಲ್ಲಿಂದಲೂ ಬಾರದವನ ಎದುರು ಮಾತ್ರ ಅದು ಜೇಬಿನೊಳಗೆ.

ಬಡವನ ನೆರಳಲ್ಲಿ ಎಕರೆಗಟ್ಟಲೆ ಗುಡ್ಡ ಸವರಿ ಅಡಿಕೆ ಹಾಕಿ, ಮೋಟಾರು ಕೂರಿಸಿದ ಗಟ್ಟಿಕುಳಗಳು ಜಿಲ್ಲೆಯಲ್ಲಿ ಇಲ್ಲವೇ? ಇದ್ದಾರೆ. ಅವರ ಹೆಸರು ಗಾರ್ಡಿಗೂ ಗೊತ್ತು, ರೇಂಜರಿಗೂ ಗೊತ್ತು, ಎಲ್ಲ ಪಕ್ಷಗಳಿಗೂ ಗೊತ್ತು. ಜೆಸಿಬಿ ಅವರ ತೋಟದ ದಾರಿಯನ್ನೇ ಮರೆತಿರುತ್ತದೆ. ಹುಲ್ಲಿನ ಬಿಡಾರದ ದಾರಿ ಚೆನ್ನಾಗಿ ನೆನಪಿರುತ್ತದೆ.

ಈಗ ಹುಲಿ. ಹುಲಿಯ ಮೇಲೆ ನನಗೆ ಸಿಟ್ಟಿಲ್ಲ, ಅದು ಯಾವ ಅರ್ಜಿಯನ್ನೂ ತಿರಸ್ಕರಿಸಿಲ್ಲ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಕಾಳಿ ಎಂದು ಹೆಸರು ಬದಲಾಯಿತು. ಒಳಗಿನ ಕುಟುಂಬ ತಾನಾಗಿಯೇ ಹೊರಬಂದರೆ ಮೊದಲು 10 ಲಕ್ಷ, ಆಮೇಲೆ 15 ಲಕ್ಷ. ‘ತಾನಾಗಿಯೇ’ ಎಂಬ ಪದಕ್ಕೆ ಗೆರೆ ಎಳೆಯಿರಿ. ರಸ್ತೆ ಆಗಲ್ಲ, ಕರೆಂಟ್ ಬರಲ್ಲ, ಸೇತುವೆಗೆ ಎನ್‌ಒಸಿ ಸಿಗಲ್ಲ. ಬಸುರಿಯನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತರಬೇಕು. ಆಮೇಲೆ ಆ ಕುಟುಂಬ ತಾನಾಗಿಯೇ ಹೊರಡುತ್ತದೆ.

ಅವರು ಇಳಿದು ಬರುವ ದಾರಿಯಲ್ಲೇ ರೆಸಾರ್ಟಿನ ಜೀಪುಗಳು ಏರಿ ಹೋಗುತ್ತವೆ. ರಾಫ್ಟಿಂಗು, ಕ್ಯಾಂಪ್ ಫಯರು, ಡಿಜೆ. ಬೋರ್ಡಿನ ಮೇಲೆ ‘ಇಕೋ’ ಎಂದು ಬರೆದಿರುತ್ತದೆ. ಆ ಎರಡಕ್ಷರಕ್ಕೆ ಇರುವ ಬಲ 75 ವರ್ಷದ ದಾಖಲೆಗೂ ಇಲ್ಲ. ಕುಣಬಿಯ ಒಲೆಯ ಹೊಗೆಗೆ ಬೆದರುವ ವನ್ಯಜೀವಿ, ವಾರಾಂತ್ಯದ ಡಿಜೆಗೆ ಹೊಂದಿಕೊಂಡಿದೆಯಂತೆ.

ವರ್ಷಕ್ಕೊಮ್ಮೆ ಜೋಯಿಡಾದಲ್ಲಿ ಗಡ್ಡೆ-ಗೆಣಸಿನ ಮೇಳ. ಚಂದದ ಮೇಳ, ಹೋಗಿ ಬನ್ನಿ. ಕುಣಬಿ ಹೆಂಗಸರು ಬೆಳೆದ ಬಗೆಬಗೆಯ ಗಡ್ಡೆಗಳು ಸಾಲಾಗಿ ಕೂತಿರುತ್ತವೆ. ಗಣ್ಯರು ಬರುತ್ತಾರೆ. ಮಗುವಿನಷ್ಟು ದಪ್ಪದ ಗಡ್ಡೆ ಎತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮೂಲನಿವಾಸಿಗಳ ಜ್ಞಾನ, ಪಾರಂಪರಿಕ ಕೃಷಿ, ತಳಿ ಸಂರಕ್ಷಣೆ ಎಂದು ಮೈಕಿನಲ್ಲಿ ಗದ್ಗದಿತರಾಗುತ್ತಾರೆ. ಈ ಗಡ್ಡೆ ಯಾವ ಸರ್ವೆ ನಂಬರಿನಲ್ಲಿ ಬೆಳೆದದ್ದು ಎಂದು ಆ ದಿನ ಯಾರೂ ಕೇಳುವುದಿಲ್ಲ. ಅದನ್ನು ಕೇಳಲು ಸೋಮವಾರ ಇದೆ.

ಅಂದಹಾಗೆ 1217ರ ಆ ಸನ್ನದನ್ನು ಇಂಗ್ಲೆಂಡು 1971ರಲ್ಲಿ ರದ್ದು ಮಾಡಿತು. ಇನ್ನು ಇದರ ಅಗತ್ಯವಿಲ್ಲ ಎಂದು ಹಳೇ ಕಾಡಿನ ಕಾನೂನುಗಳ ಜೊತೆ ಮೂಲೆಗೆ ಹಾಕಿತು. ನಮ್ಮಲ್ಲಿ ಆ ಹೊತ್ತಿಗೆ 1978ರ ತಾರೀಕು ಇನ್ನೂ ಹುಟ್ಟಿರಲೂ ಇಲ್ಲ.

2006ರ ಕಾಯ್ದೆಯಲ್ಲಿ ನಮ್ಮ ಕಾಡಿನ ಜನರಿಗೆ ಅರಣ್ಯವಾಸಿ ಎಂಬ ಹೆಸರಿದೆ. ಪತ್ರಿಕೆಗಳು ಬರೆಯುವುದು ಅತಿಕ್ರಮಣದಾರ ಎಂದು. ಅಧಿಕಾರಿ ಹೇಳುವುದೂ ಹಾಗೇ. ಕೊನೆಗೆ ಹಕ್ಕು ಕೇಳಲು ಬಿಸಿಲಲ್ಲಿ ಕೂತವರೂ ತಮ್ಮನ್ನು ಹಾಗೇ ಕರೆದುಕೊಳ್ಳತೊಡಗಿದ್ದಾರೆ. ತಾವೇ ದುಡ್ಡು ಕೂಡಿಸಿ ಬ್ಯಾನರು ಬರೆಸುತ್ತಾರೆ: ಅರಣ್ಯ ಅತಿಕ್ರಮಣದಾರರ ಬೃಹತ್ ಸಮಾವೇಶ. ತಮ್ಮ ಮೇಲಿನ ಆರೋಪವನ್ನು ದಪ್ಪಕ್ಷರದಲ್ಲಿ ಬರೆಸಿ ಅದರ ಕೆಳಗೇ ಕೂರುತ್ತಾರೆ. ಚುನಾವಣೆ ಹತ್ತಿರವಿದ್ದರೆ ಮಂತ್ರಿಗಳೂ ಬರುತ್ತಾರೆ. ಹಾರ ಹಾಕಿಸಿಕೊಂಡು, ಮೈಕು ಸರಿಮಾಡಿಕೊಂಡು, ಎರಡೂ ಕೈ ಜೋಡಿಸಿ ಶುರು ಮಾಡುತ್ತಾರೆ: ನನ್ನ ಪ್ರೀತಿಯ ಅತಿಕ್ರಮಣದಾರ ಬಂಧುಗಳೇ.

ಚಪ್ಪಾಳೆ ಬೀಳುತ್ತದೆ.